ಎಸ್ಸೆಸ್ಸೆಲ್ಸಿ ನಂತರ ಐಟಿಐ, ಪಾಲಿಟೆಕ್ನಿಕ್, ಜಿಟಿಟಿಸಿ: ಸೀಟು, ಪಠ್ಯ, ದುಡ್ಡು ಮೂರರ ಲೆಕ್ಕ

ಹತ್ತನೇ ತರಗತಿ ಮುಗಿಸಿ ನೇರವಾಗಿ ತಾಂತ್ರಿಕ ಕಲಿಕೆಗೆ ಹೋಗುವವರಿಗೆ ಕರ್ನಾಟಕದಲ್ಲಿ ಮೂರು ಸರ್ಕಾರಿ ದಾರಿಗಳಿವೆ. ಐಟಿಐ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಕೆಳಗೆ ಬರುತ್ತದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯದು. ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಸ್ವಾಯತ್ತ ಸಂಸ್ಥೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ ಈಗ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳನ್ನು ನಡೆಸುತ್ತಿದೆ. ಮೂರಕ್ಕೂ ಅರ್ಜಿ ಬೇರೆ, ಅಧಿಸೂಚನೆ ಬೇರೆ, ಕೊನೆಯ ದಿನ ಬೇರೆ. ಒಂದಕ್ಕೆ ಹಾಕಿದ ಅರ್ಜಿ ಇನ್ನೊಂದಕ್ಕೆ ನಡೆಯುವುದಿಲ್ಲ. ಪಾಲಿಟೆಕ್ನಿಕ್ ಪಟ್ಟಿಯಲ್ಲಿ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಹುಡುಕಿ ಸಿಗದೆ, ಅಷ್ಟರಲ್ಲಿ ಜಿಟಿಟಿಸಿ ಅರ್ಜಿಯ ದಿನಾಂಕ ದಾಟಿಹೋಗುವುದು ಪ್ರತಿ ವರ್ಷ ನಡೆಯುವ ಸಂಗತಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಮೂರೂ ಕಡೆಯ ಪ್ರಕಟಣೆ ನೋಡಿ, ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಅಂಕ ನಿಮ್ಮನ್ನು ಸರದಿಯಲ್ಲಿ ಎಷ್ಟನೆಯವರಾಗಿ ನಿಲ್ಲಿಸುತ್ತದೆ ಎಂಬುದು ನಿಜ. ಆದರೆ ಯಾವ ಸರದಿಯಲ್ಲಿ ನಿಲ್ಲುತ್ತೀರಿ ಎಂಬುದನ್ನು ತೀರ್ಮಾನಿಸುವುದು ಕಾಗದಪತ್ರ. ಸೀಟು ಸಿಕ್ಕಮೇಲೆ ದುಡ್ಡು ಬರುವುದೂ ಅದೇ ಕಾಗದದ ಮೇಲೆ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

ಅರ್ಜಿಗೆ ಮೊದಲು ಕಾಗದ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ, ತಂದೆಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದರಲ್ಲಿ "ಮಂಜುನಾಥ ಎಚ್", ಇನ್ನೊಂದರಲ್ಲಿ "ಎಚ್ ಮಂಜುನಾಥ್" ಎಂದಿದ್ದರೆ ಅರ್ಜಿ ತೆಗೆದುಕೊಳ್ಳುವಾಗ ಯಾರೂ ತಡೆಯದೆ ಇರಬಹುದು. ಆರು ತಿಂಗಳ ನಂತರ ವಿದ್ಯಾರ್ಥಿವೇತನದ ತಂತ್ರಾಂಶ ತಡೆಯುತ್ತದೆ. ಐಟಿಐನಲ್ಲಿ ಇನ್ನೂ ಒಂದು ತೊಡಕಿದೆ. ಪ್ರವೇಶದ ಹೊತ್ತಿಗೆ ಕೇಂದ್ರ ಸರ್ಕಾರದ ಪೋರ್ಟಲ್‌ಗೆ ಹೋದ ವಿವರವೇ ಎರಡು ವರ್ಷದ ನಂತರ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತದೆ. ಆಗ ತಿದ್ದಿಸಲು ಓಡಾಡುವುದಕ್ಕಿಂತ ಈಗಲೇ ಆಧಾರ್ ಕೇಂದ್ರದಲ್ಲಿ, ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್ ತಿದ್ದಿಸುವುದು ಸುಲಭ. ಅಂಕಪಟ್ಟಿಯನ್ನು ತಿದ್ದಿಸುವುದು ಕಷ್ಟದ ಕೆಲಸ, ಅದಕ್ಕೆ ಮಂಡಳಿಗೆ ಶಾಲೆಯ ಮೂಲಕ ಹೋಗಬೇಕು.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರುತ್ತದೆ, ತಹಶೀಲ್ದಾರರ ಹೆಸರಿನಲ್ಲಿ. ಅದರ ಮೇಲಿರುವ ಆರ್‌ಡಿ ಸಂಖ್ಯೆಯೇ ಮುಖ್ಯ. ಪ್ರವೇಶದ ಅರ್ಜಿಯೂ, ವಿದ್ಯಾರ್ಥಿವೇತನದ ಅರ್ಜಿಯೂ ಆ ಸಂಖ್ಯೆ ಹಾಕಿ ನೇರವಾಗಿ ಕಂದಾಯ ಇಲಾಖೆಯ ದಾಖಲೆಯಿಂದ ವಿವರ ಎಳೆಯುತ್ತವೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಜಾತಿ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಪ್ರಶ್ನೆಯಿಲ್ಲ. ಆದಾಯ ಪ್ರಮಾಣಪತ್ರ ಮತ್ತು 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳಿಗೆ ಐದು ವರ್ಷ. ಎಂಟನೇ ತರಗತಿಗೆ ಸೇರುವಾಗ ಮಾಡಿಸಿದ್ದು ಡಿಪ್ಲೊಮಾದ ನಡುವೆ ಮುಗಿಯುತ್ತದೆ, ಗಮನವಿರಲಿ. ತಂದೆಯ ಹೆಸರಿನಲ್ಲಿರುವ ಪ್ರಮಾಣಪತ್ರ ಸಾಲದು, ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಬೇಕಿದ್ದರೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಅಧಿಸೂಚನೆಯಲ್ಲಿ ಕೊಟ್ಟ ನಮೂನೆಯಲ್ಲೇ ಇರಬೇಕು. ಮುಖ್ಯಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಎರಡೂ ಬೇಕು. ಪ್ರಾಥಮಿಕ ಶಾಲೆ ಒಂದು ತಾಲ್ಲೂಕಿನಲ್ಲಿ, ಪ್ರೌಢಶಾಲೆ ಇನ್ನೊಂದು ತಾಲ್ಲೂಕಿನಲ್ಲಿ ಓದಿದವರು ಎರಡು ಬಿಇಒ ಕಚೇರಿಗೆ ಹೋಗಬೇಕಾಗುತ್ತದೆ. ಇದಕ್ಕೇ ನಾಲ್ಕೈದು ದಿನ ಹಿಡಿಯುತ್ತದೆ. ಫಲಿತಾಂಶಕ್ಕೆ ಕಾಯದೆ ಪರೀಕ್ಷೆ ಮುಗಿದ ಕೂಡಲೇ ಮಾಡಿಸಿಟ್ಟುಕೊಳ್ಳಿ, ಏಕೆಂದರೆ ಈ ಪ್ರಮಾಣಪತ್ರಕ್ಕೂ ಅಂಕಕ್ಕೂ ಸಂಬಂಧವಿಲ್ಲ.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರು, ಅಂದರೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರು, ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯಿಂದ ಪಡೆಯಬೇಕು. ಆ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಭಾಗದಲ್ಲಿ ಶೇ 8 ಸೀಟು ಸ್ಥಳೀಯರಿಗೆ ಮೀಸಲು. ಊರಿನವರೆಂಬುದು ಎಲ್ಲರಿಗೂ ಗೊತ್ತಿದ್ದರೂ ಪ್ರಮಾಣಪತ್ರವಿಲ್ಲದೆ ಆ ಲೆಕ್ಕದಲ್ಲಿ ಸೇರಿಸುವುದಿಲ್ಲ. ಕಾಸರಗೋಡು, ಜತ್ತ, ಅಕ್ಕಲಕೋಟೆಯಂಥ ಗಡಿ ಭಾಗದ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮಗಳಿರುತ್ತವೆ. ಆ ಪುಟವನ್ನು ಅಧಿಸೂಚನೆಯಲ್ಲಿ ಹುಡುಕಿ ಓದಿ, ಬೇಕಾದ ನಮೂನೆ ಅಲ್ಲೇ ಇರುತ್ತದೆ.

ಕೊನೆಯದು ಟಿಸಿ. ಶಾಲೆ ಅದನ್ನು ಒಂದೇ ಸಲ ಕೊಡುತ್ತದೆ. ಪಾಲಿಟೆಕ್ನಿಕ್ ಪಟ್ಟಿ ಬರುವ ತನಕ ಸುಮ್ಮನೆ ಕೂರುವುದೇಕೆಂದು ಪಿಯು ಕಾಲೇಜಿಗೆ ಸೇರಿ ಮೂಲ ಟಿಸಿ ಕೊಟ್ಟವರು, ಸೀಟು ಬಂದ ದಿನ ಅದನ್ನು ಬಿಡಿಸಿಕೊಳ್ಳಲು ಪಡುವ ಪಾಡು ಸಣ್ಣದಲ್ಲ. ಹಾಗೆ ಸೇರುವುದೇ ಆದರೆ, ತಾಂತ್ರಿಕ ಸೀಟು ಸಿಕ್ಕರೆ ಹೋಗುತ್ತೇನೆಂದು ಮೊದಲೇ ಹೇಳಿ, ಎಷ್ಟು ದಿನದಲ್ಲಿ ಟಿಸಿ ಹಿಂದಿರುಗಿಸುತ್ತಾರೆಂದು ಕೇಳಿಕೊಳ್ಳಿ.

ಸಂಸ್ಥೆಯನ್ನು ಪರೀಕ್ಷಿಸುವ ಬಗೆ

ಐಟಿಐ ಆದರೆ ಕೇಳಬೇಕಾದ ಮೊದಲ ಪ್ರಶ್ನೆ: ನಾನು ಸೇರುವ ಈ ಟ್ರೇಡ್‌ಗೆ (ವೃತ್ತಿ ವಿಷಯಕ್ಕೆ), ಈ ಘಟಕಕ್ಕೆ (ಒಟ್ಟಿಗೆ ಕಲಿಯುವ ತಂಡಕ್ಕೆ) ಎನ್‌ಸಿವಿಟಿ, ಅಂದರೆ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿಯ ಸಂಯೋಜನೆ ಇದೆಯೇ? ಸಂಸ್ಥೆಗೆ ಇದ್ದರೆ ಸಾಲದು. ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಎರಡು ಘಟಕದ ಮಂಜೂರಾತಿ ಪಡೆದ ಸಂಸ್ಥೆ ಮೂರು ಘಟಕದಷ್ಟು ಮಕ್ಕಳನ್ನು ಸೇರಿಸಿಕೊಂಡರೆ, ಹೆಚ್ಚುವರಿಯವರ ಹೆಸರು ಪೋರ್ಟಲ್‌ನಲ್ಲಿ ಏರುವುದೇ ಇಲ್ಲ. ಪರೀಕ್ಷೆಯ ಪ್ರವೇಶಪತ್ರ ಬಾರದಿದ್ದಾಗಲೇ ಅದು ತಿಳಿಯುವುದು. ಪ್ರತಿ ಐಟಿಐಗೂ ಒಂದು ಎಂಐಎಸ್ ಸಂಕೇತವಿದೆ. ಅದನ್ನು ಕೇಳಿ ಪಡೆದು, ಕೇಂದ್ರದ ಪೋರ್ಟಲ್‌ನಲ್ಲಿ ಹಾಕಿ, ಟ್ರೇಡ್‌ವಾರು ಮಂಜೂರಾದ ಸೀಟು ನೋಡಿ. ಸೇರಿದ ಮೇಲೆ ನಿಮ್ಮ ಹೆಸರು ಅಲ್ಲಿ ಬಂದಿದೆಯೇ ಎಂದು ಎರಡು ತಿಂಗಳೊಳಗೆ ಖಚಿತಪಡಿಸಿಕೊಳ್ಳಿ.

ಪಾಲಿಟೆಕ್ನಿಕ್ ಆದರೆ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಕೊಡುವ ಅನುಮೋದನೆಯ ವಿಸ್ತರಣಾ ಪತ್ರವಿದೆ. ಅದರಲ್ಲಿ ಯಾವ ಕೋರ್ಸ್‌ಗೆ ಎಷ್ಟು ಸೀಟು ಎಂದು ಸ್ಪಷ್ಟವಾಗಿರುತ್ತದೆ. ಅವಧಿ ಮುಗಿದ ಪತ್ರ ತೋರಿಸಿದರೆ ಒಪ್ಪಬೇಡಿ. ಅನುದಾನಿತ ಪಾಲಿಟೆಕ್ನಿಕ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಆವರಣದಲ್ಲಿ ಸಿವಿಲ್, ಮೆಕ್ಯಾನಿಕಲ್‌ನಂಥ ಹಳೆಯ ಕೋರ್ಸ್ ಅನುದಾನಿತವಾಗಿದ್ದು, ಆಮೇಲೆ ಶುರುವಾದ ಕೋರ್ಸ್ ಅನುದಾನರಹಿತವಾಗಿರಬಹುದು. ಶುಲ್ಕದಲ್ಲಿ ಅಜಗಜಾಂತರ. ಆಯ್ಕೆ ನಮೂದಿಸುವಾಗ ಕಾಲೇಜಿನ ಹೆಸರಿಗಿಂತ ಕೋರ್ಸ್‌ನ ಮುಂದಿರುವ ಸೀಟಿನ ಬಗೆ ನೋಡಿ.

ಕಾಗದ ನೋಡಿದ ಮೇಲೆ ಒಮ್ಮೆ ಕಾರ್ಯಾಗಾರಕ್ಕೆ ಹೋಗಿ ಬನ್ನಿ. ಫಿಟ್ಟರ್ ಘಟಕದಲ್ಲಿ 20 ಮಂದಿ. ಪಠ್ಯಕ್ರಮದ ಉಪಕರಣ ಪಟ್ಟಿಯ ಪ್ರಕಾರ ಪ್ರತಿಯೊಬ್ಬರಿಗೂ ಒಂದು, ಶಿಕ್ಷಕರಿಗೆ ಒಂದು ಎಂದು 21 ಉಪಕರಣ ಪೆಟ್ಟಿಗೆ ಇರಬೇಕು. ಬೀರುವಿನಲ್ಲಿ ಹೊಚ್ಚಹೊಸದಾಗಿ ಜೋಡಿಸಿಟ್ಟ ಅರ ನೋಡಿ ಸಂತೋಷಪಡಬೇಡಿ. ಹಲ್ಲು ಸವೆದ ಅರ, ಬೆಂಚಿನ ಮೇಲೆ ಉದುರಿದ ಕಬ್ಬಿಣದ ಪುಡಿ, ವೈಸ್‌ನ ಹಿಡಿಯಲ್ಲಿ ಕೈ ತಾಗಿ ಬಂದ ಹೊಳಪು ಇವು ಕೆಲಸ ನಡೆಯುವ ಗುರುತು. ಎರಡನೇ ವರ್ಷದ ವಿದ್ಯಾರ್ಥಿ ಮಾಡಿದ ಒಂದು ಜಾಬ್ (ಅಭ್ಯಾಸಕ್ಕೆ ತಯಾರಿಸಿದ ಬಿಡಿಭಾಗ) ಕೇಳಿ ಕೈಗೆ ತೆಗೆದುಕೊಳ್ಳಿ. ಎರಡು ತುಂಡು ಒಂದರೊಳಗೊಂದು ಕೂರುವ ಫಿಟ್ಟಿಂಗ್ ಜಾಬ್‌ಗೆ ಫಿಟ್ಟರ್ ಪಠ್ಯ ಕೇಳುವ ನಿಖರತೆ ±0.04 ಮಿಲಿಮೀಟರ್. ಅದನ್ನು ಬೆಳಕಿಗೆ ಹಿಡಿದರೆ ಸಂದಿನಲ್ಲಿ ದಪ್ಪ ಬೆಳಕಿನ ಗೆರೆ ಕಾಣಬಾರದು. ಅಂಥ ಜಾಬ್ ತೋರಿಸಲು ಒಂದೂ ಇಲ್ಲವೆಂದರೆ ಆ ಘಟಕದಲ್ಲಿ ಪ್ರಾಯೋಗಿಕ ಕಲಿಕೆ ನಡೆಯುತ್ತಿಲ್ಲ ಎಂದೇ ಅರ್ಥ. ಕಟ್ಟಡದ ಚೆಂದ, ಬಸ್ಸು, ಫಲಕದ ಮೇಲಿನ ಉದ್ಯೋಗದ ಫೋಟೊ ಇವೆಲ್ಲ ಇದರ ಮುಂದೆ ಲೆಕ್ಕಕ್ಕಿಲ್ಲ.

ಅರ್ಜಿ ಮತ್ತು ಆಯ್ಕೆ

ಐಟಿಐಗೆ ವಯಸ್ಸು ಕನಿಷ್ಠ 14 ತುಂಬಿರಬೇಕು, ಗರಿಷ್ಠ ಮಿತಿಯಿಲ್ಲ. ಟ್ರೇಡ್‌ಗೆ ತಕ್ಕಂತೆ ಓದಿನ ಅರ್ಹತೆ ಬದಲಾಗುತ್ತದೆ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್ ಟ್ರೇಡ್‌ಗಳಿಗೆ ವಿಜ್ಞಾನ ಮತ್ತು ಗಣಿತದೊಂದಿಗೆ ಹತ್ತನೇ ತರಗತಿ ಪಾಸಾಗಿರಬೇಕು. ವೆಲ್ಡರ್, ವೈರ್‌ಮನ್‌ಗೆ ಎಂಟನೇ ತರಗತಿ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರಿಗೂ ಬಾಗಿಲು ಮುಚ್ಚಿಲ್ಲ ಎಂದಾಯಿತು. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್ ಎರಡು ವರ್ಷದವು. ವೆಲ್ಡರ್ ಮತ್ತು ಕಂಪ್ಯೂಟರ್ ಆಪರೇಟರ್ ಟ್ರೇಡ್ ಒಂದು ವರ್ಷದವು. ಮುಂದೆ ಡಿಪ್ಲೊಮಾಕ್ಕೆ ನೇರವಾಗಿ ಎರಡನೇ ವರ್ಷಕ್ಕೆ ಹೋಗುವ ಆಸೆಯಿದ್ದರೆ ಎರಡು ವರ್ಷದ ಟ್ರೇಡ್ ತೆಗೆದುಕೊಳ್ಳಿ. ಒಂದು ವರ್ಷದ ಟ್ರೇಡ್ ಮುಗಿಸಿದವರಿಗೆ ಆ ದಾರಿಯಿಲ್ಲ.

ಪಾಲಿಟೆಕ್ನಿಕ್‌ಗೆ ಎಸ್ಸೆಸ್ಸೆಲ್ಸಿ ಅಥವಾ ಸಮಾನ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಮೂರು ವರ್ಷ, ಆರು ಸೆಮಿಸ್ಟರ್. ಪಿಯು ವಿಜ್ಞಾನ ಅಥವಾ ಎರಡು ವರ್ಷದ ಐಟಿಐ ಮುಗಿಸಿದವರು ಪ್ರತ್ಯೇಕ ಅಧಿಸೂಚನೆಯ ಮೇಲೆ ಮೂರನೇ ಸೆಮಿಸ್ಟರ್‌ಗೆ ಸೇರುತ್ತಾರೆ. ಜಿಟಿಟಿಸಿಯ ಡಿಪ್ಲೊಮಾ ಮೂರು ವರ್ಷ ಕೇಂದ್ರದಲ್ಲಿ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ. ಒಂದು ವರ್ಷ ಹೆಚ್ಚೆಂದು ಹಿಂಜರಿಯುವವರಿದ್ದಾರೆ. ಅಚ್ಚು ಮತ್ತು ಡೈ ಮಾಡುವ ಕೆಲಸದಲ್ಲಿ ಆ ಒಂದು ವರ್ಷವೇ ಹುಡುಗನಿಗೆ ಸಂಬಳ ಕೊಡಿಸುವುದು ಎಂಬುದು ನಮ್ಮ ಅಭಿಪ್ರಾಯ.

ಆನ್‌ಲೈನ್ ಆಯ್ಕೆ ನಮೂದಿಸುವಾಗ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಮೊದಲನೆಯದು, ಮನೆಯ ಹತ್ತಿರದ ಕಾಲೇಜಿನ ಒಂದೆರಡು ಕೋರ್ಸ್ ಹಾಕಿ ನಿಲ್ಲಿಸುವುದು. ತಂತ್ರಾಂಶ ನೀವು ಕೊಟ್ಟ ಪಟ್ಟಿಯ ಆಚೆ ಹೋಗಿ ಸೀಟು ಹುಡುಕುವುದಿಲ್ಲ. ಪಟ್ಟಿ ಮುಗಿದರೆ ನಿಮಗೆ ಸೀಟಿಲ್ಲ, ನಿಮಗಿಂತ ಕಡಿಮೆ ಅಂಕದವರಿಗೆ ಬೇರೆಡೆ ಸಿಕ್ಕಿದ್ದರೂ ಅಷ್ಟೇ. ಎರಡನೆಯದು, ನನಗೆ ಸಿಗಲಿಕ್ಕಿಲ್ಲ ಎಂದು ಬೇಕಾದ ಸೀಟನ್ನು ಕೆಳಗೆ ಹಾಕಿ, ಸಿಗಬಹುದಾದ್ದನ್ನು ಮೇಲೆ ಹಾಕುವುದು. ಮೇಲಿನದು ಸಿಕ್ಕಿತೆಂದರೆ ಕೆಳಗಿನದನ್ನು ನೋಡುವುದೇ ಇಲ್ಲ. ಬೇಕಾದ ಕ್ರಮದಲ್ಲೇ ಬರೆಯಿರಿ, ಉದ್ದಕ್ಕೆ ಬರೆಯಿರಿ. ಆದರೆ ಸಿಕ್ಕರೂ ಹೋಗಲಾರೆ ಎಂಬಂಥ ಊರನ್ನು ಹಾಕಬೇಡಿ. ಸೀಟು ಹಂಚಿಕೆಯಾದ ಮೇಲೆ ನಿಗದಿತ ದಿನದೊಳಗೆ ಶುಲ್ಕ ಕಟ್ಟಿ ಹಾಜರಾಗದಿದ್ದರೆ ಸೀಟು ಮುಂದಿನ ಸುತ್ತಿಗೆ ಹೋಗುತ್ತದೆ. ಒಪ್ಪಿಕೊಂಡು ಸೇರುವುದೋ, ಮುಂದಿನ ಸುತ್ತಿಗೆ ಕಾಯುವುದೋ ಎಂಬ ಆಯ್ಕೆಯ ನಿಯಮವನ್ನು ಆ ವರ್ಷದ ಅಧಿಸೂಚನೆಯಲ್ಲೇ ಓದಿ, ಅಣ್ಣನ ಕಾಲದಲ್ಲಿ ಹೀಗಿತ್ತು ಎಂಬ ಮಾತು ನಂಬಬೇಡಿ.

ಎಸ್‌ಎನ್‌ಕ್ಯು ಎಂದು ಕರೆಯುವ ಸೀಟುಗಳ ಬಗ್ಗೆ ಕೇಳದವರೇ ಹೆಚ್ಚು. ಎಐಸಿಟಿಇ ನಿಯಮದಂತೆ ಮಂಜೂರಾದ ಸೀಟಿನ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮನ್ನಾ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರಬೇಕು, ಜಾತಿಯ ಮಿತಿಯಿಲ್ಲ. 60 ಸೀಟಿನ ವಿಭಾಗದಲ್ಲಿ ಮೂರು ಸೀಟು ಬರುತ್ತದೆ. ಅಂಕ ಚೆನ್ನಾಗಿದ್ದು ಸಾಮಾನ್ಯ ವರ್ಗದಲ್ಲಿರುವ ಬಡ ಮಕ್ಕಳಿಗೆ ಇದು ನಿಜವಾದ ಆಸರೆ. ಅರ್ಜಿಯಲ್ಲೇ ಆ ಅಂಕಣವನ್ನು ಗುರುತು ಮಾಡಬೇಕು, ಸೇರಿದ ಮೇಲೆ ಕೇಳಿದರೆ ಕೊಡಲು ಬರುವುದಿಲ್ಲ.

ಸೇರಿದ ಮೇಲೆ ಮನಸ್ಸು ಬದಲಾದರೆ? ಎಐಸಿಟಿಇ ಅನುಮೋದಿತ ಸಂಸ್ಥೆ ಕೋರ್ಸ್ ಶುರುವಾಗುವ ಮೊದಲೇ ಹಿಂದೆ ಸರಿದವರಿಗೆ 1,000 ರೂಪಾಯಿ ಮೀರದ ಪ್ರಕ್ರಿಯಾ ಶುಲ್ಕ ಮುರಿದುಕೊಂಡು ಉಳಿದದ್ದನ್ನು ಹಿಂದಿರುಗಿಸಬೇಕು, ಮೂಲ ಪ್ರಮಾಣಪತ್ರಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವಂತಿಲ್ಲ. ಬಿಡುವುದಾದರೆ ಬಾಯಿ ಮಾತಿನಲ್ಲಿ ಹೇಳಬೇಡಿ. ದಿನಾಂಕ ಹಾಕಿದ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಮರುಪಾವತಿಯ ಲೆಕ್ಕ ಆ ದಿನಾಂಕದಿಂದ.

ಪಠ್ಯದಲ್ಲಿ ಏನಿದೆ

ಐಟಿಐ ಪಠ್ಯ ಇಡೀ ದೇಶಕ್ಕೆ ಒಂದೇ, ತರಬೇತಿ ಮಹಾನಿರ್ದೇಶನಾಲಯ ರೂಪಿಸುವುದು. 2022ರಿಂದ ವರ್ಷಕ್ಕೆ 1,200 ಗಂಟೆ ಕಲಿಕೆ. ಮೊದಲ ವರ್ಷದಲ್ಲಿ 840 ಗಂಟೆ ಪ್ರಾಯೋಗಿಕ, 240 ಗಂಟೆ ವೃತ್ತಿ ಜ್ಞಾನ, 120 ಗಂಟೆ ಉದ್ಯೋಗ ಕೌಶಲ. ಎರಡನೇ ವರ್ಷ ಉದ್ಯೋಗ ಕೌಶಲ 60ಕ್ಕೆ ಇಳಿದು, ಆ 60 ಗಂಟೆ ವೃತ್ತಿ ಜ್ಞಾನಕ್ಕೆ ಸೇರಿ 300 ಆಗುತ್ತದೆ. ಇದರ ಹೊರತಾಗಿ ವರ್ಷಕ್ಕೆ 150 ಗಂಟೆ ಕಾರ್ಖಾನೆಯಲ್ಲಿ ಕೆಲಸದ ತರಬೇತಿ. ಹತ್ತಿರ ಕಾರ್ಖಾನೆ ಇಲ್ಲದ ಕಡೆ ಅದರ ಬದಲು ಗುಂಪು ಯೋಜನೆ ಮಾಡಬೇಕು. ಅಂದರೆ ನೂರಕ್ಕೆ ಎಪ್ಪತ್ತು ಪಾಲು ಸಮಯ ಮೈಮೇಲೆ ಕೆಲಸದ ಬಟ್ಟೆ ಇರಬೇಕು. ನಿಮ್ಮ ವೇಳಾಪಟ್ಟಿಯಲ್ಲಿ ದಿನವೆಲ್ಲ ಕೋಣೆಯ ಪಾಠವೇ ತುಂಬಿದ್ದರೆ ಈ ಅಂಕಿ ತೋರಿಸಿ ಕೇಳುವ ಹಕ್ಕು ನಿಮಗಿದೆ.

ಪರೀಕ್ಷೆ ವರ್ಷಕ್ಕೊಮ್ಮೆ, ಒಟ್ಟು 600 ಅಂಕ. ಪ್ರಾಯೋಗಿಕ 250, ವರ್ಷವಿಡೀ ನಡೆಯುವ ಆಂತರಿಕ ಮೌಲ್ಯಮಾಪನ 200, ಸಿದ್ಧಾಂತ 100, ಉದ್ಯೋಗ ಕೌಶಲ 50. ಕೊನೆಯ ಎರಡು ಕಂಪ್ಯೂಟರ್ ಮೇಲೆ ಬರೆಯುವ ಪರೀಕ್ಷೆ. ಪಾಸಾಗಲು ಸಿದ್ಧಾಂತ ಮತ್ತು ಉದ್ಯೋಗ ಕೌಶಲದಲ್ಲಿ ಶೇ 33 ಸಾಕು, ಪ್ರಾಯೋಗಿಕ ಮತ್ತು ಆಂತರಿಕ ಮೌಲ್ಯಮಾಪನದಲ್ಲಿ ಶೇ 60 ಬೇಕು. ಅಂದರೆ ಪ್ರಾಯೋಗಿಕದಲ್ಲಿ 149 ಬಂದರೂ ಫೇಲ್. ಶಾಲೆಯಲ್ಲಿ ಕಡಿಮೆ ಅಂಕಕ್ಕೇ ಪಾಸಾಗುವ ಲೆಕ್ಕಕ್ಕೆ ಒಗ್ಗಿಕೊಂಡು ಬಂದ ಮಕ್ಕಳು ಎಡವುವುದು ಇಲ್ಲೇ. ಹಾಜರಾತಿ ಶೇ 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆಂತರಿಕ ಮೌಲ್ಯಮಾಪನದ 200 ಅಂಕ ನಿಂತಿರುವುದು ಮಾಡಿದ ಜಾಬ್‌ಗಳ ಮೇಲೆ, ಪ್ರಾಯೋಗಿಕ ದಾಖಲೆ ಪುಸ್ತಕದ ಮೇಲೆ. ಪ್ರತಿ ಜಾಬ್ ಮುಗಿದ ದಿನವೇ ಚಿತ್ರ ಬರೆದು ಅಳತೆ ತುಂಬಿ ಸಹಿ ಮಾಡಿಸಿಕೊಳ್ಳಿ. ಕೊನೆಯ ತಿಂಗಳಲ್ಲಿ ಗೆಳೆಯನ ಪುಸ್ತಕ ನೋಡಿ ಬರೆದದ್ದು ಪರೀಕ್ಷಕರ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತದೆ.

ಹೊಸ ಮಾದರಿಯ ಕೋರ್ಸ್ ಬೇಕೆನ್ನುವವರು ತಂತ್ರಜ್ಞಾನ ಹಬ್‌ಗಳಾಗಿ ಬದಲಾದ 150 ಸರ್ಕಾರಿ ಐಟಿಐಗಳನ್ನು ನೋಡಬೇಕು. ಟಾಟಾ ಟೆಕ್ನಾಲಜೀಸ್ ಮುಂದಾಳತ್ವದ ಉದ್ಯಮಗಳೊಂದಿಗೆ ರಾಜ್ಯ ಸರ್ಕಾರ 4,700 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಮಾಡಿದ ಈ ಕೆಲಸವನ್ನು 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ಕೈಗಾರಿಕಾ ರೋಬೋಟಿಕ್ಸ್ ಮತ್ತು ಡಿಜಿಟಲ್ ಉತ್ಪಾದನೆ, ಉತ್ಪಾದನಾ ಪ್ರಕ್ರಿಯೆ ನಿಯಂತ್ರಣ ಮತ್ತು ಆಟೊಮೇಷನ್, ಆಧುನಿಕ ಉಪಕರಣ ಬಳಸುವ ಕುಶಲಕರ್ಮಿ ಇವು ಒಂದು ವರ್ಷದವು. ಅಡ್ವಾನ್ಸ್ಡ್ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಮಷಿನಿಂಗ್, ಬೇಸಿಕ್ ಡಿಸೈನರ್ ಅಂಡ್ ವರ್ಚುವಲ್ ವೆರಿಫೈಯರ್, ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್ ಇವು ಎರಡು ವರ್ಷದವು. ಹೆಸರು ಕೇಳಿ ಮಾರುಹೋಗುವ ಮೊದಲು ಒಂದು ಮಾತು. ರೋಬೋಟಿಕ್ಸ್ ಕೋರ್ಸ್‌ಗೆ ಸುತ್ತಮುತ್ತ ಅಂಥ ಯಂತ್ರ ಬಳಸುವ ಕಾರ್ಖಾನೆ ಇರಬೇಕು, ಇಲ್ಲವೇ ಊರು ಬಿಟ್ಟು ಹೋಗಲು ಸಿದ್ಧರಿರಬೇಕು. ಎಲೆಕ್ಟ್ರಿಷಿಯನ್‌ಗೆ ಯಾವ ಊರಲ್ಲೂ ಕೆಲಸವಿದೆ. ಸಿಎನ್‌ಸಿ ಮತ್ತು ವಿದ್ಯುತ್ ವಾಹನದ ಎರಡು ವರ್ಷದ ಕೋರ್ಸ್‌ಗಳು ಇವೆರಡರ ನಡುವೆ ಗಟ್ಟಿಯಾದ ಆಯ್ಕೆ ಎಂದು ನಮಗನಿಸುತ್ತದೆ.

ಪಾಲಿಟೆಕ್ನಿಕ್ ಪಠ್ಯ ರಾಜ್ಯದ್ದು. 2020-21ರಲ್ಲಿ ಬಂದದ್ದು ಸಿ-20. ಕೊನೆಯ ವರ್ಷದಲ್ಲಿ ಒಂದು ಸೆಮಿಸ್ಟರ್ ಪೂರ್ತಿ ವಿಶೇಷ ವಿಷಯಕ್ಕೆ, ಇನ್ನೊಂದು ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್‌ಗೆ ಮೀಸಲಿಟ್ಟದ್ದು ಅದರ ದೊಡ್ಡ ಬದಲಾವಣೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಫುಲ್ ಸ್ಟ್ಯಾಕ್, ಕೃತಕ ಬುದ್ಧಿಮತ್ತೆ, ಸೈಬರ್ ಭದ್ರತೆ ಮುಂತಾದವುಗಳಲ್ಲಿ ಒಂದನ್ನು ಹಿಡಿಯಬೇಕಿತ್ತು. 2025-26ರಿಂದ ಸೇರಿದವರಿಗೆ ಸಿ-25 ಬಂದಿದೆ. ಹಾಗಾಗಿ ಹಿರಿಯರ ಹಳೆಯ ಪುಸ್ತಕ, ಪ್ರಶ್ನೆಪತ್ರಿಕೆ ಕೊಳ್ಳುವ ಮೊದಲು ವಿಷಯದ ಹೆಸರಿಗಿಂತ ವಿಷಯ ಸಂಕೇತ ಹೊಂದುತ್ತದೆಯೇ ನೋಡಿ. ಯಾವ ವಿಶೇಷ ವಿಷಯ ಸಿಗುತ್ತದೆ ಎಂಬುದು ಆ ಕಾಲೇಜಿನಲ್ಲಿ ಕಲಿಸುವವರು ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಇದನ್ನು ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರೆ ನಿಜ ತಿಳಿಯುತ್ತದೆ.

ದುಡ್ಡು ಎಲ್ಲಿಂದ, ಹೇಗೆ

ರಾಜ್ಯದ ವಿದ್ಯಾರ್ಥಿವೇತನಗಳೆಲ್ಲ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ವಿದ್ಯಾರ್ಥಿಯ ಮತ್ತು ಪೋಷಕರ ಆಧಾರ್, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಜಾತಿ ಮತ್ತು ಆದಾಯದ ಆರ್‌ಡಿ ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ ಬೇಕು. ಕಾಗದದ ಮೇಲಿನ ಕೆಲವು ದಾಖಲೆಗಳಿಗೆ ಇ-ದೃಢೀಕರಣ ಮಾಡಿಸಬೇಕು, ಕಾಲೇಜಿನಲ್ಲೇ ಅದಕ್ಕೊಬ್ಬ ಅಧಿಕಾರಿ ಇರುತ್ತಾರೆ. ಅರ್ಜಿ ಸಲ್ಲಿಸಿದರೆ ಮುಗಿಯಲಿಲ್ಲ. ಕಾಲೇಜು ತನ್ನ ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಅಲ್ಲೇ ನಿಂತ ಅರ್ಜಿಗಳು ಬಹಳ. ತಿಂಗಳಿಗೊಮ್ಮೆ ಸ್ಥಿತಿ ನೋಡಿ.

ಪರಿಶಿಷ್ಟ ಜಾತಿಯವರಿಗೆ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಆದಾಯ ಮಿತಿ 2.5 ಲಕ್ಷ ರೂಪಾಯಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳ ನೆರವು ಸಿಗುತ್ತದೆ. ಹಾಗಾಗಿ ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿ, ಸಿಗದಿದ್ದರೆ ಇದು. ರೈತ ವಿದ್ಯಾನಿಧಿ 2021ರಲ್ಲಿ ಆರಂಭವಾದಾಗ ಪಿಯು, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ನಿಗದಿಯಾಗಿತ್ತು. ಪೋಷಕರಿಗೆ ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಇರಬೇಕು.

ಡಿಪ್ಲೊಮಾ ಸೇರಿದ ಹೆಣ್ಣುಮಕ್ಕಳು ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನವನ್ನು ಬಿಡಬಾರದು. ವರ್ಷಕ್ಕೆ 50,000 ರೂಪಾಯಿ, ಗರಿಷ್ಠ ಮೂರು ವರ್ಷ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವವರಿಗೆ ಅಷ್ಟೇ ಮೊತ್ತದ ಸಕ್ಷಮ್ ಇದೆ. ಎರಡಕ್ಕೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ, ಮೊದಲ ವರ್ಷಕ್ಕೆ ಅಥವಾ ನೇರವಾಗಿ ಎರಡನೇ ವರ್ಷಕ್ಕೆ ಸೇರಿದಾಗಲೇ ಹಾಕಬೇಕು. ಮುಂದಿನ ವರ್ಷಗಳಲ್ಲಿ ನವೀಕರಣ ತಾನಾಗಿ ಆಗುವುದಿಲ್ಲ, ಪ್ರತಿ ವರ್ಷ ಅರ್ಜಿ ಹಾಕಬೇಕು. ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ, ಹಾಗಾಗಿ ಯಾವುದು ದೊಡ್ಡದೋ ಅದನ್ನು ಇಟ್ಟುಕೊಳ್ಳಿ. ಐಟಿಐಗೆ ಪ್ರಗತಿ ಅನ್ವಯಿಸುವುದಿಲ್ಲ.

ಮಂಜೂರಾದ ದುಡ್ಡು ಕಾಣೆಯಾಗುವ ಜಾಗ ಒಂದೇ: ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ಕೊಟ್ಟಿರುವುದು ಒಂದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ನಕ್ಷೆಯಲ್ಲಿ ಆ ಬ್ಯಾಂಕ್ ನಿಮ್ಮ ಆಧಾರ್‌ಗೆ ಜೋಡಣೆಯಾಗಿರುವುದು ಇನ್ನೊಂದು. ಸರ್ಕಾರದ ದುಡ್ಡು ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಅಮ್ಮನ ಜೊತೆ ಅಂಚೆ ಕಚೇರಿಯಲ್ಲಿ ಒಂದು ಖಾತೆ, ಶಾಲೆಯಲ್ಲಿದ್ದಾಗ ಇನ್ನೊಂದು ಬ್ಯಾಂಕಿನಲ್ಲಿ ಶೂನ್ಯ ಶಿಲ್ಕಿನ ಖಾತೆ, ಈಗ ಕಾಲೇಜಿನ ಹತ್ತಿರ ಮೂರನೆಯದು ಇದ್ದರೆ, ದುಡ್ಡು ಮರೆತುಹೋದ ಎರಡನೆಯದರಲ್ಲಿ ಕೂತಿರಬಹುದು. ಆ ಖಾತೆ ಮುಚ್ಚಿಹೋಗಿದ್ದರೆ ದುಡ್ಡು ವಾಪಸ್ ಹೋಗುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡುವ ಕೊಂಡಿ ಇದೆ. ಆಧಾರ್ ಸಂಖ್ಯೆ ಹಾಕಿ, ಮೊಬೈಲಿಗೆ ಬಂದ ಒಟಿಪಿ ಕೊಟ್ಟರೆ ಬ್ಯಾಂಕಿನ ಹೆಸರು, ಜೋಡಣೆ ಸಕ್ರಿಯವೋ ಅಲ್ಲವೋ, ಯಾವ ದಿನ ಆದದ್ದು ಎಂಬುದೆಲ್ಲ ಕಾಣುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಮಾಡಿ" ಎನ್ನಬೇಡಿ, "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿ" ಎಂದು ಕೇಳಿ (ಡಿಬಿಟಿ ಎಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದು), ಅದರ ಒಪ್ಪಿಗೆ ನಮೂನೆ ತುಂಬಿಕೊಡಿ. ಕೆಲವು ದಿನ ಬಿಟ್ಟು ಮತ್ತೆ ಅದೇ ಕೊಂಡಿಯಲ್ಲಿ ನೋಡಿ.

ಸಂಸ್ಥೆಗೆ ಬರುವ ದುಡ್ಡಿನ ಬಗ್ಗೆಯೂ ಒಂದಿಷ್ಟು ತಿಳಿದಿರುವುದು ಒಳ್ಳೆಯದು. 2025ರ ಮೇನಲ್ಲಿ ಕೇಂದ್ರ ಸಂಪುಟ 1,000 ಸರ್ಕಾರಿ ಐಟಿಐಗಳ ಉನ್ನತೀಕರಣಕ್ಕೆ 60,000 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕೇಂದ್ರ 30,000, ರಾಜ್ಯಗಳು 20,000, ಉದ್ಯಮ 10,000 ಕೋಟಿ. ಅಕ್ಟೋಬರ್‌ನಲ್ಲಿ ಪಿಎಂ-ಸೇತು ಹೆಸರಿನಲ್ಲಿ ಅದು ಆರಂಭವಾಯಿತು. ಒಂದು ದೊಡ್ಡ ಐಟಿಐ ಕೇಂದ್ರ, ಅದರ ಸುತ್ತ ಸಣ್ಣವು ಎಂಬ ಜೋಡಣೆ ಇದರದು. ನಿಮ್ಮ ತಾಲ್ಲೂಕಿನ ಐಟಿಐ ಈ ಪಟ್ಟಿಯಲ್ಲಿದ್ದರೆ ಯಂತ್ರ ಬರುವ ಸಾಧ್ಯತೆ ಹೆಚ್ಚು. ಆದರೆ ಯಂತ್ರ ಬಂದಮೇಲೆ ಅದನ್ನು ಓಡಿಸಿ ಕಲಿಸುವ ಕಾಯಂ ತರಬೇತಿ ಅಧಿಕಾರಿ, ಮೂರು ಫೇಸ್ ವಿದ್ಯುತ್, ವರ್ಷವರ್ಷದ ಕಚ್ಚಾ ಸಾಮಗ್ರಿಯ ಹಣ ಇವು ಬೇಕು. ಸರ್ಕಾರಗಳು ಕಟ್ಟಡ, ಯಂತ್ರಕ್ಕೆ ಕೊಡುವ ಗಮನವನ್ನು ಕಲಿಸುವವರ ಹುದ್ದೆ ತುಂಬುವುದಕ್ಕೂ ಕೊಡಬೇಕೆಂಬುದು ನಮ್ಮ ಗಟ್ಟಿ ನಿಲುವು. ಭೇಟಿ ಕೊಟ್ಟಾಗ ಯಂತ್ರ ಎಷ್ಟಿವೆ ಎಂದಷ್ಟೇ ಕೇಳಬೇಡಿ, ಈ ಟ್ರೇಡ್‌ಗೆ ಕಾಯಂ ಶಿಕ್ಷಕರು ಇದ್ದಾರೆಯೇ ಎಂದು ಕೇಳಿ.

ಮುಗಿಸಿದ ಮೇಲಿನ ಹೆಜ್ಜೆ

ಡಿಪ್ಲೊಮಾದಿಂದ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಲು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ, ಬರೆಯಬೇಕು. ಪಿಯು ಎರಡು, ಬಿಇ ನಾಲ್ಕು ಸೇರಿ ಆರು ವರ್ಷ. ಡಿಪ್ಲೊಮಾ ಮೂರು, ಬಿಇ ಮೂರು ಸೇರಿದರೂ ಆರೇ. ಈ ದಾರಿಯಲ್ಲಿ ಮಧ್ಯೆ ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲೊಂದು ಡಿಪ್ಲೊಮಾ ಇರುತ್ತದೆ. ತೊಡಕು ಗಣಿತದ್ದು. ಪಿಯು ಗಣಿತ ಓದಿ ಬಂದವರ ಜೊತೆ ಮೂರನೇ ಸೆಮಿಸ್ಟರ್‌ನಲ್ಲಿ ಕೂರಬೇಕಾಗುತ್ತದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ತನ್ನ ಹಲವು ಪಠ್ಯ ಯೋಜನೆಗಳಲ್ಲಿ ಡಿಪ್ಲೊಮಾದವರಿಗೆಂದೇ ಹೆಚ್ಚುವರಿ ಗಣಿತ ಇಟ್ಟದ್ದು ಇದಕ್ಕೇ. ಡಿಸಿಇಟಿ ಮುಗಿದು ತರಗತಿ ಶುರುವಾಗುವ ನಡುವಿನ ದಿನಗಳಲ್ಲಿ ಪಿಯು ಪುಸ್ತಕದ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಅಧ್ಯಾಯಗಳನ್ನು ಲೆಕ್ಕ ಸಮೇತ ಮಾಡಿ.

ಐಟಿಐ ಮುಗಿಸಿದವರು ಕೆಲಸ ಹುಡುಕುವ ಮೊದಲು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. 2019ರ ತಿದ್ದುಪಡಿ ನಿಯಮದಂತೆ ಐಟಿಐ ಪ್ರಮಾಣಪತ್ರ ಇರುವವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ರೂಪಾಯಿ ಶಿಷ್ಯವೇತನ ನಿಗದಿಯಾಗಿತ್ತು. ಅದಕ್ಕಿಂತ ಹೆಚ್ಚು ಕೊಡುವ ಕಾರ್ಖಾನೆಗಳೂ ಇವೆ. ಸೇರುವ ದಿನವೇ ಒಪ್ಪಂದ ಪೋರ್ಟಲ್‌ನಲ್ಲಿ ಆಗಿದೆಯೇ, ಒಪ್ಪಂದ ಸಂಖ್ಯೆ ಬಂದಿದೆಯೇ ಎಂದು ನೋಡಿ. ಬರೀ ಕಂಪನಿಯ ಪತ್ರದ ಮೇಲೆ ವರ್ಷ ದುಡಿದವರಿಗೆ ಕೊನೆಯಲ್ಲಿ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುವುದಿಲ್ಲ. ರೈಲ್ವೆ ಮತ್ತು ಸರ್ಕಾರಿ ಉದ್ದಿಮೆಗಳ ನೇಮಕಾತಿಯಲ್ಲಿ ಲೆಕ್ಕಕ್ಕೆ ಬರುವುದು ಆ ಪ್ರಮಾಣಪತ್ರವೇ.